ಚಿಪ್ಪಿಂಗ್ ಪ್ರಾಕ್ಟೀಸ್ ಬೋರ್ ಆಗುತ್ತಿದೆ, ಖಾಲಿ ಸೈಟಿನಲ್ಲಿ ಆಡಲು ಏನಾದರೂ ಆಟ ಇದ್ದರೆ ಹೇಳಿ

ಬಿಸಿಲೂರಿನವನು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಕೂತು ಗಾಲ್ಫ್ ಬಗ್ಗೆ ಕೇಳುತ್ತಿದ್ದಾನೆ ಅಂತ ನಗಬೇಡಿ, ಮನೆಯಲ್ಲಿ ಈಗಾಗಲೇ ಸಾಕಷ್ಟು ನಕ್ಕಾಗಿದೆ.

ಬೆಂಗಳೂರಿನಲ್ಲಿ ಆರು ವರ್ಷ ಕೆಲಸದಲ್ಲಿದ್ದೆ. ಆಫೀಸಿನವರು ಒಂದು ಭಾನುವಾರ ಸುಮ್ನೆ ಬಾ ಅಂತ ಗಾಲ್ಫ್ ಅಭ್ಯಾಸ ಮಾಡುವ ರೇಂಜಿಗೆ ಕರೆದುಕೊಂಡು ಹೋದರು, ಆವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಹೋದ ವರ್ಷ ಅಪ್ಪನ ಮೊಣಕಾಲಿನ ಆಪರೇಷನ್ ಆಯ್ತು, ನಮ್ಮ ಜೀನ್ಸ್ ಹೊಲಿಗೆ ಯೂನಿಟ್ ನೋಡಿಕೊಳ್ಳಲು ಯಾರೂ ಇರಲಿಲ್ಲ, ಊರಿಗೆ ಬಂದುಬಿಟ್ಟೆ. ಕ್ಲಬ್ಬುಗಳಲ್ಲಿ (ಗಾಲ್ಫ್ ಕೋಲು) ಚೆಂಡನ್ನು ಎತ್ತಿ ಹೊಡೆಯುವ ಪಿಚಿಂಗ್ ವೆಜ್, ಅದಕ್ಕಿಂತ ಓರೆಯಾದ 56 ಡಿಗ್ರಿಯ ಸ್ಯಾಂಡ್ ವೆಜ್, ಅಷ್ಟು ಓರೆ ಇಲ್ಲದ 8 ಐರನ್, ಚೆಂಡನ್ನು ನೆಲದ ಮೇಲೆ ಉರುಳಿಸುವ ಒಂದು ಹಳೇ ಪಟರ್, ಇಷ್ಟು ತಂದಿದ್ದೇನೆ. ಚೆಂಡು ಒಂದು 40 ಇವೆ.

ಮನೆ ಹಿಂದೆ ಎರಡು ಖಾಲಿ ಸೈಟು. ಮಳೆಗಾಲದಲ್ಲಿ ಗರಿಕೆ ಬರುತ್ತದೆ, ಈಗ ನೆಲ ಟಾರ್ ರಸ್ತೆ ಥರ ಇದೆ. ಏಳೂವರೆ ಮೇಲೆ ಅಲ್ಲಿ ನಿಂತರೆ ನೆತ್ತಿ ಸುಡುತ್ತದೆ, ಹಾಗಾಗಿ ಬೆಳಿಗ್ಗೆ ಆರರಿಂದ ಏಳು ನನ್ನ ಟೈಮು. ದೊಡ್ಡ ಹೊಡೆತಕ್ಕೆ ಜಾಗ ಇಲ್ಲ. ಚಿಪ್ ಒಂದೇ ಆಗುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಗ್ರೀನಿನ (ಹೋಲ್ ಇರುವ, ಹುಲ್ಲು ನುಣ್ಣಗೆ ಕತ್ತರಿಸಿದ ಜಾಗ) ಅಂಚಿನಿಂದ ಚೆಂಡನ್ನು ಸ್ವಲ್ಪವೇ ಎತ್ತಿ, ಮುಂದೆ ಬೀಳಿಸಿ, ಉಳಿದ ದೂರ ಉರುಳಿಸಿಕೊಂಡು ಹೋಗುವ ಸಣ್ಣ ಹೊಡೆತ ಅದು. ಗಾಳಿಯಲ್ಲಿ ಕಡಿಮೆ, ನೆಲದ ಮೇಲೆ ಜಾಸ್ತಿ.

ನನ್ನ ತೊಂದರೆ ಏನಂದರೆ, 15 ಹೆಜ್ಜೆ ದೂರದಲ್ಲಿ ಬಕೆಟ್ ಇಡುತ್ತೇನೆ, 40 ಚೆಂಡು ಹೊಡೆಯುತ್ತೇನೆ, ಆರಿಸಿಕೊಂಡು ಬಂದು ಮತ್ತೆ 40. ಮೂರನೇ ಸುತ್ತಿಗೆ ಕೈ ಆಡುತ್ತಿರುತ್ತದೆ, ತಲೆ ಮಾತ್ರ ಅಂಗಡಿಯಲ್ಲಿ, ಯಾರಿಗೆ ಎಷ್ಟು ಪೀಸ್ ಕಳಿಸಬೇಕು ಅನ್ನೋ ಲೆಕ್ಕದಲ್ಲಿ ಇರುತ್ತದೆ. ಆದರೂ 30ನೇ ಚೆಂಡು ದಾಟುವ ಹೊತ್ತಿಗೆ ಸಾಲಾಗಿ ಐದಾರು ಬಕೆಟ್ ಪಕ್ಕದಲ್ಲೇ ಬೀಳುತ್ತವೆ, ಭಲೇ ಅನಿಸುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ಗೆಳೆಯರ ಜೊತೆ ಆಡುತ್ತೇನಲ್ಲ, ಅಲ್ಲಿ ಮೊದಲನೇ ಚಿಪ್ಪೇ ಎಡವಟ್ಟು. ಒಂದೋ ಕ್ಲಬ್ ಮೊದಲು ನೆಲ ಅಗೆದು ಚೆಂಡು ಎರಡು ಅಡಿ ಹೋಗಿ ನಿಲ್ಲುತ್ತದೆ, ಇಲ್ಲಾ ಕ್ಲಬ್ಬಿನ ಅಂಚು ಚೆಂಡಿನ ಹೊಟ್ಟೆಗೆ ತಾಗಿ ಅದು ಗ್ರೀನ್ ದಾಟಿ ಆ ಕಡೆ ಹಾರುತ್ತದೆ. ಗೆಳೆಯರು ಅದಕ್ಕೆ ಬಳ್ಳಾರಿ ರಾಕೆಟ್ ಅಂತ ಹೆಸರಿಟ್ಟಿದ್ದಾರೆ.

ಒಬ್ಬನೇ ಆಡುವಂಥದ್ದು ಬೇಕು, ಭಾನುವಾರ ಅಕ್ಕನ ಮಗ ಬರುತ್ತಾನೆ (11 ವರ್ಷ), ಅವನ ಜೊತೆ ಆಡುವಂಥದ್ದೂ ಬೇಕು. ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕಿಗೆ ಒಂದು ಸಲ ಬಡಿದು ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ, ಅದನ್ನೂ ಗಮನದಲ್ಲಿ ಇಟ್ಟುಕೊಳ್ಳಿ.

ಶಕ್ತಿನಗರದ ಹಳಬ, ರಾಯಚೂರು

ತಮ್ಮಾ, ನಿನ್ನ 40 ಚೆಂಡಿನಲ್ಲಿ 39 ಒಳಗೆ ಎತ್ತಿಡು. ಒಂದೇ ಚೆಂಡು ಹಿಡಿದುಕೊಂಡು ಹೊರಗೆ ಬಾ. ಅರ್ಧ ಕಾಯಿಲೆ ಅಲ್ಲಿಗೇ ವಾಸಿ.

ನಾನು ಸೇನೆಯಲ್ಲಿದ್ದಾಗ ರಾಜಸ್ಥಾನದ ಕಡೆ ಗಾಲ್ಫ್ ಕಲಿತವನು. ಅಲ್ಲಿ ಹಸಿರು ಗ್ರೀನ್ ಎಲ್ಲಿಂದ ಬರಬೇಕು? ಬ್ರೌನ್ ಅಂತ ಇರುತ್ತಿತ್ತು, ಮರಳಿಗೆ ಎಣ್ಣೆ ಕಲಸಿ ತಟ್ಟಿ ಸಮ ಮಾಡಿದ ದುಂಡು ಅಂಗಳ. ಅದರ ಮೇಲೆ ನಡೆದರೆ ಹೆಜ್ಜೆ ಮೂಡುತ್ತದೆ, ಪಟ್ ಮಾಡುವ ಮೊದಲು ದಾರಿಯನ್ನು ಎಳೆದು ಸಮ ಮಾಡಿಕೊಳ್ಳಬೇಕು. ಸುತ್ತ ಬರೀ ಗಟ್ಟಿ ನೆಲ. ನಿನ್ನ ಸೈಟು ಅದಕ್ಕಿಂತ ಕೆಟ್ಟದಾಗಿ ಇರಲಿಕ್ಕಿಲ್ಲ. ಅಂಥ ಕಡೆ ಕಲಿತ ಚಿಪ್ ಎಲ್ಲಿ ಬೇಕಾದರೂ ನಡೆಯುತ್ತದೆ, ಯಾಕಂದರೆ ಗಟ್ಟಿ ನೆಲ ತಪ್ಪನ್ನು ಮುಚ್ಚಿಡುವುದಿಲ್ಲ.

ಆಟ ಹೇಳುತ್ತೇನೆ. ಇದನ್ನು ಪಾರ್ 18 ಅನ್ನುತ್ತಾರೆ (ಪಾರ್ ಅಂದರೆ ಇಷ್ಟು ಹೊಡೆತದಲ್ಲಿ ಮುಗಿಸಬೇಕು ಅನ್ನುವ ಲೆಕ್ಕ), ಹಳೇ ಆಟ, ಎಲ್ಲಾ ಕಡೆ ಆಡುತ್ತಾರೆ. ಒಂದು ಗುಂಡಿ ಮಾಡು. ಗಾಲ್ಫ್ ಹೋಲಿನ ಅಗಲ 108 ಮಿಲಿಮೀಟರ್, ಅಂದರೆ ನಾಲ್ಕೂಕಾಲು ಇಂಚು. ಹಾರ್ಡ್‌ವೇರ್ ಅಂಗಡಿಯಲ್ಲಿ 110 ಎಂ.ಎಂ. ಪಿವಿಸಿ ಪೈಪಿನ ತುಂಡು ಕೇಳು, ಅರ್ಧ ಅಡಿ ಸಾಕು, ನೆಲದಲ್ಲಿ ಹೂಳು. ಒಳಗಡೆ ಅಳತೆ ಸ್ವಲ್ಪ ಕಡಿಮೆ ಬರುತ್ತದೆ, ಒಳ್ಳೆಯದೇ ಆಯ್ತು. ಈಗ ಸೈಟಿನ ಸುತ್ತ 9 ಬೇರೆ ಬೇರೆ ಜಾಗ ಆರಿಸು. ಒಂದು ಹತ್ತಿರ, ಒಂದು ದೂರ, ಒಂದು ಗೋಡೆ ಬುಡ, ಒಂದು ಜಲ್ಲಿ ಚೆಲ್ಲಿದ ಕಡೆ, ಒಂದು ಇಳಿಜಾರು. ಪ್ರತಿ ಜಾಗದಿಂದ ಒಂದೇ ಸಲ ಚಿಪ್ ಮಾಡಬೇಕು, ಆಮೇಲೆ ಪಟರ್ ಹಿಡಿದು ಅದೇ ಚೆಂಡನ್ನು ಗುಂಡಿಗೆ ಹಾಕಬೇಕು. ಚಿಪ್ ಒಂದು, ಪಟ್ ಒಂದು, ಒಟ್ಟು ಎರಡು. ಒಂಬತ್ತೆರಡಲ ಹದಿನೆಂಟು. ನಿನ್ನದು ಎಷ್ಟಾಯ್ತು ಅಂತ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ನಿನಿಂದ ಬರೆ. ನಾನು ಮೊದಲನೇ ದಿನ 29 ಬರೆದಿದ್ದೆ. ಪೆನ್ಸಿಲ್ ಬೇಡ, ಅಳಿಸುವ ಮನಸ್ಸಾಗುತ್ತದೆ.

ನೆಲ ತೀರಾ ಒರಟಾಗಿ ಪಟ್ ಮಾಡಲು ಆಗದಿದ್ದರೆ ಗುಂಡಿಯಿಂದ ಪಟರ್ ಉದ್ದದ ಒಳಗೆ ನಿಂತ ಚೆಂಡಿಗೆ 2, ಹೊರಗೆ ನಿಂತದ್ದಕ್ಕೆ 3, ಗುಂಡಿಗೆ ನೇರವಾಗಿ ಬಿದ್ದರೆ 1 ಅಂತ ಇಟ್ಟುಕೋ.

ಏಳನೇ ಎಂಟನೇ ಜಾಗಕ್ಕೆ ಬರುವಾಗ ನೋಡು, ಇನ್ನು ಎರಡು ಸರಿ ಹೋದರೆ ನಿನ್ನೆಯದಕ್ಕಿಂತ ಕಡಿಮೆ ಆಗುತ್ತದೆ ಅನಿಸಿದ ಕೂಡಲೇ ಕೈ ಬಿಗಿಯಾಗುತ್ತದೆ. ಬೆಂಗಳೂರಿನಲ್ಲಿ ನಿನಗೆ ಆಗುವುದು ಅದೇ. ಬಕೆಟ್ ಮುಂದೆ 40 ಹೊಡೆಯುವಾಗ ಆ ಬಿಗಿ ಬರುವುದೇ ಇಲ್ಲ, ಹಾಗಾಗಿ ಅದರ ಜೊತೆ ಬದುಕುವುದು ನಿನಗೆ ಅಭ್ಯಾಸ ಆಗಿಲ್ಲ.

ಪಿಟಿ ಮೇಷ್ಟ್ರು, ಕೊಪ್ಪಳ

ನಾನು ಜೀವನದಲ್ಲಿ ಗಾಲ್ಫ್ ಕೋಲು ಮುಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಕಥೆ ಓದಿ ಉತ್ತರ ಬರೆಯದೆ ಇರಲಾಗಲಿಲ್ಲ, ಯಾಕಂದರೆ ನಮ್ಮ ಶಾಲೆಯ ಥ್ರೋಬಾಲ್ ಹುಡುಗಿಯರಿಗೂ, ಕಬಡ್ಡಿ ಹುಡುಗರಿಗೂ ಇದೇ ರೋಗ. ಮೈದಾನದಲ್ಲಿ ಹುಲಿ, ತಾಲೂಕು ಮಟ್ಟಕ್ಕೆ ಹೋದರೆ ಇಲಿ.

ಹಳಬರು ಹೇಳಿದ್ದು ಸರಿ. ಅದಕ್ಕೆ ಒಂದು ಕಾರಣ ಸೇರಿಸುತ್ತೇನೆ. ಬಿ.ಪಿ.ಎಡ್ ಓದುವಾಗ ನಮಗೆ ಒಂದು ಪ್ರಯೋಗದ ಬಗ್ಗೆ ಪಾಠ ಇತ್ತು. 1978ರಲ್ಲಿ ಕೆರ್ ಮತ್ತು ಬೂತ್ ಅನ್ನುವ ಇಬ್ಬರು 8 ವರ್ಷದ ಮಕ್ಕಳ ಕೈಗೆ ಕಾಳು ತುಂಬಿದ ಸಣ್ಣ ಚೀಲ ಕೊಟ್ಟು ಗುರಿಗೆ ಎಸೆಯುವ ಆಟ ಆಡಿಸಿದರು. ಒಂದು ಗುಂಪಿಗೆ ಬರೀ 3 ಅಡಿ ದೂರದಿಂದ. ಇನ್ನೊಂದು ಗುಂಪಿಗೆ 2 ಅಡಿ ಮತ್ತು 4 ಅಡಿಯಿಂದ, 3 ಅಡಿಯಿಂದ ಒಂದು ಸಲವೂ ಇಲ್ಲ. ಕೊನೆಗೆ ಎರಡೂ ಗುಂಪಿಗೆ 3 ಅಡಿಯಲ್ಲೇ ಪರೀಕ್ಷೆ. ಗೆದ್ದವರು ಯಾರು ಗೊತ್ತಾ? 2 ಮತ್ತು 4 ಅಡಿಯವರು! ದೂರ ಬದಲಾದಾಗಲೆಲ್ಲ ಮಗು ಎಷ್ಟು ಬಲ ಹಾಕಬೇಕು ಅಂತ ಹೊಸದಾಗಿ ಲೆಕ್ಕ ಹಾಕಬೇಕು, ಆ ಲೆಕ್ಕ ಹಾಕುವುದೇ ಕಲಿಕೆ. ನೀವು 15 ಹೆಜ್ಜೆಯಲ್ಲಿ ಸಾಲಾಗಿ 40 ಹೊಡೆಯುವಾಗ ಲೆಕ್ಕ ಮೊದಲ ನಾಲ್ಕೈದಕ್ಕೆ ಮುಗಿದಿರುತ್ತದೆ, ಆಮೇಲೆ ಅದರ ನಕಲು. ಬೆಂಗಳೂರಿನಲ್ಲಿ ನಕಲು ಮಾಡಲು ಹಿಂದಿನ ಚೆಂಡು ಇರುವುದಿಲ್ಲ ಅಲ್ವಾ?

ಚಿನ್ನಿದಾಂಡು ಆಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಚಿನ್ನಿ ಬಿದ್ದಲ್ಲಿಂದಲೇ ಹೊಡೆಯಬೇಕು, ಕಲ್ಲಿನ ಮೇಲಿರಲಿ, ಚರಂಡಿ ಪಕ್ಕ ಇರಲಿ. ಗೋಲಿಯಲ್ಲೂ ಅಷ್ಟೇ. ಯಾವ ಹುಡುಗನೂ ಒಂದೇ ಜಾಗದಲ್ಲಿ ಕೂತು 40 ಸಲ ಗೋಲಿ ಹೊಡೆದು ಪ್ರಾಕ್ಟೀಸ್ ಮಾಡಲಿಲ್ಲ, ಆದರೂ ಎಂಥ ಗುರಿಕಾರರು ಇದ್ದರು ನಮ್ಮ ಓಣಿಯಲ್ಲಿ.

ನಿಮ್ಮ ಅಳಿಯನ ಜೊತೆ ಆಡಲು ಒಂದು. ನಾವು ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಡಿಸುತ್ತೇವೆ, ಇಂಗ್ಲಿಷಿನಲ್ಲಿ ಕುದುರೆ ಅನ್ನೋ ಪದದ ಅಕ್ಷರ ಹಂಚುತ್ತಾರೆ, ನಾನು ಮಕ್ಕಳಿಗೆ ಊರಿನ ಹೆಸರು ಮಾಡಿಕೊಟ್ಟಿದ್ದೇನೆ. ಒಬ್ಬ ಜಾಗ ಮತ್ತು ಗುರಿ ಹೇಳುತ್ತಾನೆ: "ಬೇವಿನ ಗಿಡದ ಬುಡದಿಂದ, 8 ಐರನ್‌ನಲ್ಲಿ, ಆ ಗೋಣಿಚೀಲದ ಮೇಲೆ ನಿಲ್ಲಬೇಕು." ಅವನು ಹೊಡೆದು ಗೆದ್ದರೆ ಇನ್ನೊಬ್ಬ ಅದನ್ನೇ ಮಾಡಿ ತೋರಿಸಬೇಕು. ಆಗದಿದ್ದರೆ ಅವನಿಗೆ ಒಂದು ಅಕ್ಷರ: ಬ. ಇನ್ನೊಮ್ಮೆ ತಪ್ಪಿದರೆ ಳ್ಳಾ. ಮೂರನೆಯದಕ್ಕೆ ರಿ, ಊರು ಪೂರ್ತಿ ಆಯ್ತು, ಆಟ ಮುಗೀತು. ಹೇಳಿದವನೇ ತಪ್ಪಿದರೆ ಸರದಿ ಇನ್ನೊಬ್ಬನದು. 11 ವರ್ಷದ ಹುಡುಗ ಎಂತೆಂಥ ಜಾಗ ಹುಡುಕುತ್ತಾನೆ ನೋಡಿ, ನಿಮಗೆ ತಾನಾಗಿಯೇ ತೋಚುವುದಿಲ್ಲ ಅಂಥವು.

ಮಾನ್ವಿ ಮಂದಿ, ರಾಯಚೂರು

ಮೇಷ್ಟ್ರೇ ಇದು ಅನ್ಯಾಯ. ಬಳ್ಳಾರಿ ಮೂರಕ್ಷರ, ಕೊಪ್ಪಳ ಮೂರಕ್ಷರ, ನಾವು ರಾಯಚೂರಿನವರಿಗೆ ನಾಲ್ಕು. ನಮಗೆ ಒಂದು ಪ್ರಾಣ ಜಾಸ್ತಿ ಸಿಕ್ಕಿತಲ್ಲ 😀 ಶಕ್ತಿನಗರದ ಹಳಬರಿಗೆ ಐದು!

ಅಂದ ಹಾಗೆ ಎರೆ ಹೊಲದ ಕಡೆ ಯಾರೂ ಈ ಆಟ ಆಡಲು ಹೋಗಬೇಡಿ. ನಮ್ಮ ಅಣ್ಣ ಬೇಸಿಗೆಯಲ್ಲಿ ಹತ್ತಿ ಬಿಡಿಸಿದ ಹೊಲದಲ್ಲಿ ಆಡಿ ಒಂದೇ ಬೆಳಿಗ್ಗೆ ಮೂರು ಚೆಂಡು ಬಿರುಕಿನೊಳಗೆ ಬಿಟ್ಟ. ಕೈ ಹಾಕಲು ಹಾವಿನ ಭಯ. ಮಳೆ ಬಂದು ಬಿರುಕು ಮುಚ್ಚಿದ ಮೇಲೆ ಈಗ ಅವು ಭೂಮಿತಾಯಿಗೇ ಸೇರಿದವು.

ಗಿರಣಿ ಅಂಗಳ, ಗಂಗಾವತಿ

ಮೈಸೂರಿನಲ್ಲಿದ್ದಾಗ ನಾಲ್ಕು ವರ್ಷ ಆಡಿದ್ದೇನೆ, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕ್ಲಬ್ಬುಗಳು ಅಟ್ಟಕ್ಕೆ ಸೇರಿದ್ದವು. ಮಕ್ಕಳು ಲಾಕ್‌ಡೌನಿನಲ್ಲಿ ಅವನ್ನು ಹುಡುಕಿ ತೆಗೆದರು. ಈಗ ಅಕ್ಕಿ ಗಿರಣಿಯ ಅಂಗಳದಲ್ಲಿ ಆಡುತ್ತೇವೆ, ಸಿಮೆಂಟ್ ನೆಲ, ಅದಕ್ಕೆ ತೆಂಗಿನ ನಾರಿನ ಕಾಲೊರೆಸು ಮೇಲೆ ಚೆಂಡಿಟ್ಟು ಹೊಡೆಯುವುದು. ಖರ್ಚಿಲ್ಲದ ಹುಲ್ಲು.

ಮಕ್ಕಳ ಜೊತೆ ಅಂದರೆ ನಿಜವಾದ ಚೆಂಡು ಬೇಡ. ತೂತು ಇರುವ ಹಗುರ ಪ್ಲಾಸ್ಟಿಕ್ ಚೆಂಡು ಅಥವಾ ಸ್ಪಂಜಿನದು ಸಿಗುತ್ತದೆ. ಗಾಲ್ಫ್ ಚೆಂಡು ಹತ್ತಿರ ಹತ್ತಿರ 46 ಗ್ರಾಂ ಇರುತ್ತದೆ, ಕಲ್ಲಿನಷ್ಟು ಗಟ್ಟಿ, ನಿಮ್ಮ ರಾಕೆಟ್ ಅದರಲ್ಲೇ ಹಾರಿದರೆ ಟ್ಯಾಂಕಿಗೆ ಬಡಿದದ್ದು ಚಿಕ್ಕ ವಿಷಯ ಅನಿಸುತ್ತದೆ. ಹೊಡೆಯುವವನ ಬೆನ್ನ ಹಿಂದೆ ಮೂರು ಮಾರು ದೂರ ನಿಲ್ಲಬೇಕು, ಎಲ್ಲರೂ ಹೊಡೆದ ಮೇಲೇ ಚೆಂಡು ಆರಿಸಲು ಹೋಗಬೇಕು, ನಮ್ಮ ಮನೆಯಲ್ಲಿ ಇದಕ್ಕೆ ರಾಜಿ ಇಲ್ಲ.

ನಮ್ಮ ಆಟದ ಹೆಸರು ಮೂರು ಚೀಲ. ಖಾಲಿ ಗೋಣಿಚೀಲ ಮೂರು ಹಾಸುವುದು, 4 ಹೆಜ್ಜೆಗೆ ಒಂದು, 8 ಹೆಜ್ಜೆಗೆ ಒಂದು, 12ಕ್ಕೆ ಒಂದು. ನಾನು ಹೊಡೆಯಲು ನಿಂತ ಮೇಲೆ ಮಗಳು ಕೂಗುತ್ತಾಳೆ, "ನಡು!" ಅಂತ. ನಡು ಚೀಲದ ಮೇಲೆ ಚೆಂಡು ಮೊದಲು ಬಿದ್ದರೆ ಅಷ್ಟೇ ಲೆಕ್ಕ, ಉರುಳಿ ಹೋಗಿ ಹತ್ತಿದರೆ ಇಲ್ಲ. ಹತ್ತಿರದ್ದಕ್ಕೆ 1, ನಡುವಿನದಕ್ಕೆ 2, ದೂರದ್ದಕ್ಕೆ 3. ಸರಿಯಾಗಿ 21 ಆದವರು ಗೆದ್ದರು, ದಾಟಿದರೆ ವಾಪಸ್ 15ಕ್ಕೆ. ಕೊನೆಗೆ ಒಂದೇ ಅಂಕ ಬೇಕಾದಾಗ 4 ಹೆಜ್ಜೆಯ ಚೀಲ ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ಮೆತ್ತಗೆ ಹೊಡೆಯುವುದು ಎಲ್ಲಕ್ಕಿಂತ ಕಷ್ಟ.

ಇದರಲ್ಲಿ ಒಂದು ಗುಟ್ಟಿದೆ ನೋಡಿ. ನೀವು ಬಕೆಟನ್ನು ನೋಡಿ ಹೊಡೆಯುತ್ತಿದ್ದೀರಿ. ಚಿಪ್‌ನಲ್ಲಿ ನೋಡಬೇಕಾದದ್ದು ಚೆಂಡು ಬೀಳುವ ಜಾಗ, ಹೋಲ್ ಅಲ್ಲ. ಬೀಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ, ಉರುಳುವುದು ನೆಲಕ್ಕೆ ಬಿಟ್ಟದ್ದು. ಚೀಲ ಬೇಡ ಅಂದರೆ ಹಳೇ ಸೈಕಲ್ ಟೈರ್ ಇಡಿ, ಅದರೊಳಗೆ ಬೀಳಿಸಿ.

ನನ್ನ ಮಗಳಿಗೆ ಈ ಹುಚ್ಚು ಅಂಟಿಸಿದ್ದು ಅದಿತಿ ಅಶೋಕ್. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ನಾಲ್ಕನೇ ಸ್ಥಾನಕ್ಕೆ ಬಂದರಲ್ಲ, ಒಂದೇ ಹೊಡೆತದ ಅಂತರದಲ್ಲಿ ಪದಕ ಹೋಯಿತು. ಬೆಳಿಗ್ಗೆ ಎದ್ದು ಟಿವಿ ಮುಂದೆ ಕೂತಿದ್ದೆವು. ದೂರ ಹೊಡೆಯುವುದರಲ್ಲಿ ಉಳಿದವರಿಗಿಂತ ಎಷ್ಟೋ ಹಿಂದೆ, ಗ್ರೀನ್ ಹತ್ತಿರ ಬಂದ ಮೇಲೆ ಎಲ್ಲರನ್ನೂ ಹಿಡಿಯುವುದು. ಮಗಳು ಆಗ ಹೇಳಿದ್ದು, ಅಮ್ಮ ಇದನ್ನು ನಾವು ಅಂಗಳದಲ್ಲೇ ಕಲಿಯಬಹುದು ಅಂತ.

ಕಡ್ಡಿ ಮುರಿದ ಹಾಗೆ, ಬಳ್ಳಾರಿ

ಎಲ್ಲರೂ ಆಟ ಆಟ ಅನ್ನುತ್ತಿದ್ದೀರಿ. ನೆಲ ಅಗೆಯುವವನಿಗೆ ಆಟ ಕೊಟ್ಟರೆ ಆಟವಾಡುತ್ತಾ ನೆಲ ಅಗೆಯುತ್ತಾನೆ, ಅಷ್ಟೇ. ಮೊದಲು ಚೆಂಡಿಗೆ ಸರಿಯಾಗಿ ತಾಗಿಸುವುದು ಕಲಿಯಲಿ.

ಮನೆಯಲ್ಲಿ ರಂಗೋಲಿ ಪುಡಿ ಇರುತ್ತದೆ. ನೆಲದ ಮೇಲೆ ನಾಲ್ಕು ಅಡಿ ಉದ್ದ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದದ ನಡುವೆ ಬರುವ ಹಾಗೆ ನಿಂತು, ಚೆಂಡು ಇಲ್ಲದೆ, ಕ್ಲಬ್ ಬೀಸಿ. ನೆಲದಲ್ಲಿ ಗುರುತು ಎಲ್ಲಿ ಬಿತ್ತು ನೋಡಿ. ಗೆರೆ ಮೇಲೆ ಅಥವಾ ಗೆರೆಗಿಂತ ಒಂಚೂರು ಗುರಿಯ ಕಡೆ ಬಿದ್ದರೆ ಸರಿ. ಹಿಂದೆ ಬಿದ್ದರೆ ಅದೇ ನಿಮ್ಮ ಎರಡು ಅಡಿಯ ಚಿಪ್. ಹೆಜ್ಜೆ ಹೆಜ್ಜೆ ಸರಿಯುತ್ತಾ ಗೆರೆ ಉದ್ದಕ್ಕೂ ಹತ್ತು ಸಲ ಮಾಡಿ. ನಮ್ಮ ಕೆಂಪು ಮಣ್ಣಿಗೆ ತುಸು ನೀರು ಚಿಮುಕಿಸಿದರೆ ಗುರುತು ಚೆನ್ನಾಗಿ ಕಾಣುತ್ತದೆ.

ಹಿಂದೆ ಯಾಕೆ ಬೀಳುತ್ತದೆ ಅಂದರೆ, ಚೆಂಡನ್ನು ಎತ್ತಬೇಕು ಅನ್ನೋ ಆಸೆಗೆ ಮೈಭಾರ ಹಿಂದಿನ ಕಾಲಿಗೆ ಹೋಗುತ್ತದೆ. ಎತ್ತುವ ಕೆಲಸ ನಿಮ್ಮದಲ್ಲ, ಕ್ಲಬ್ಬಿನ ಓರೆ ಎತ್ತುತ್ತದೆ. ಭಾರ ಮುಂದಿನ ಕಾಲಿನ ಮೇಲೆ ಹಾಕಿ ಅಲ್ಲೇ ಬಿಡಿ, ಕಾಲು ಹತ್ತಿರ ಹತ್ತಿರ ಇರಲಿ, ಕೈ ಚೆಂಡಿಗಿಂತ ಸ್ವಲ್ಪ ಮುಂದೆ ಇರಲಿ, ಮಣಿಕಟ್ಟು ಆಡಿಸಬೇಡಿ.

ಇನ್ನೊಂದು. ಆ 56 ಡಿಗ್ರಿಯನ್ನು ಗಟ್ಟಿ ನೆಲದಲ್ಲಿ ಯಾಕೆ ಹಿಡಿಯುತ್ತೀರಿ? ಸ್ಯಾಂಡ್ ವೆಜ್ ತಳ ದಪ್ಪ, ಉಬ್ಬು. ಮರಳಿನಲ್ಲಿ ಹೂತುಕೊಳ್ಳದೆ ಜಾರಲಿ ಅಂತ ಹಾಗೆ ಮಾಡಿರುತ್ತಾರೆ. ಟಾರ್ ರಸ್ತೆಯಂಥ ನೆಲಕ್ಕೆ ಬಡಿದರೆ ಆ ಉಬ್ಬು ಪುಟಿಯುತ್ತದೆ, ಅಂಚು ಮೇಲೆದ್ದು ಚೆಂಡಿನ ನಡುವಿಗೆ ಬಡಿಯುತ್ತದೆ. ರಾಕೆಟ್ ಅದೇ. 8 ಐರನ್ ಹಿಡಿಯಿರಿ, ಪಟರ್ ಥರ ಬೀಸಿ.

ಬಿಸಿಲೂರಿನವನು, ಬಳ್ಳಾರಿ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಕಡ್ಡಿ ಮುರಿದವರೇ, ನಿಮ್ಮ ಗೆರೆ ಇವತ್ತು ಬೆಳಿಗ್ಗೆ ಹಾಕಿದೆ (ಅಮ್ಮನ ರಂಗೋಲಿ ಡಬ್ಬಿ ಖಾಲಿ, ಇನ್ನೊಂದು ಬೈಗುಳ). ಹತ್ತರಲ್ಲಿ ಏಳು ಗುರುತು ಗೆರೆಗಿಂತ ಹಿಂದೆ! ಒಂದೊಂದು ಗೇಣು ಹಿಂದೆ. ಇಷ್ಟು ದಿನ ಮ್ಯಾಟ್ ಮೇಲೆ, ಗರಿಕೆ ಮೇಲೆ ಹೊಡೆಯುವಾಗ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತಿತ್ತು, ಸರಿ ಇದೆ ಅಂದುಕೊಂಡಿದ್ದೆ.

ಒಂದು ಅನುಮಾನ. ಯಾವಾಗ 8 ಐರನ್, ಯಾವಾಗ ಪಿಚಿಂಗ್ ವೆಜ್? ಅಂದಾಜಿನ ಮೇಲೆ ಹೊಡೆಯುವುದಾ, ಏನಾದರೂ ಲೆಕ್ಕ ಇದೆಯಾ?

ಶಕ್ತಿನಗರದ ಹಳಬ, ರಾಯಚೂರು

ಲೆಕ್ಕ ಇದೆ. 12ರ ಲೆಕ್ಕ ಅಂತಾರೆ. ಚೆಂಡಿನಿಂದ ಬೀಳಿಸುವ ಜಾಗಕ್ಕೆ ಎಷ್ಟು ಹೆಜ್ಜೆ, ಅಲ್ಲಿಂದ ಗುಂಡಿಗೆ ಎಷ್ಟು ಹೆಜ್ಜೆ, ನಡೆದು ಎಣಿಸು. ಬೀಳಿಸುವುದು 3 ಹೆಜ್ಜೆ, ಉರುಳುವುದು 12 ಹೆಜ್ಜೆ ಅಂತಿಟ್ಟುಕೋ. ಉರುಳುವುದು ನಾಲ್ಕು ಪಟ್ಟು. 12ರಲ್ಲಿ 4 ಕಳೆದರೆ 8, 8 ಐರನ್ ಹಿಡಿ. ಎರಡು ಪಟ್ಟು ಮಾತ್ರ ಉರುಳಬೇಕಾದರೆ 12ರಲ್ಲಿ 2 ಕಳೆದು 10, 9 ಐರನ್ ಆದ ಮೇಲಿನ ಹತ್ತನೇ ಕ್ಲಬ್ ಅಂದರೆ ಪಿಚಿಂಗ್ ವೆಜ್. ಇದು ಸಮತಟ್ಟಾದ, ತೀರಾ ವೇಗ ಇಲ್ಲದ ಗ್ರೀನಿನ ಲೆಕ್ಕ. ನಿನ್ನ ಸೈಟಿನಲ್ಲಿ ಇನ್ನೂ ಜಾಸ್ತಿ ಉರುಳುತ್ತದೆ, ಒಂದು ವಾರ ಆಡಿ ನಿನ್ನ ನೆಲದ ಲೆಕ್ಕ ನೀನೇ ಕಟ್ಟಿಕೊ.

ಕಡ್ಡಿಯವರ ಜೊತೆ ಒಂದು ಜಗಳ ಇದೆ ನನಗೆ. ಗೆರೆಯ ವಿಷಯ ನೂರಕ್ಕೆ ನೂರು ಒಪ್ಪಿದೆ. 56 ಬೇಡ ಅನ್ನುವುದು ಒಪ್ಪಲ್ಲ. ಗೋಡೆ ಬುಡದಿಂದ ಎತ್ತರಕ್ಕೆ ಎತ್ತಿ ಹತ್ತಿರವೇ ನಿಲ್ಲಿಸಬೇಕಾದಾಗ 8 ಐರನ್ ಏನು ಮಾಡುತ್ತದೆ? ಗಟ್ಟಿ ನೆಲದಲ್ಲಿ ಕ್ಲಬ್ಬಿನ ಹಿಮ್ಮಡಿ (ಕೋಲು ಸೇರುವ ಕಡೆ) ಸ್ವಲ್ಪ ಎತ್ತಿ ಹಿಡಿದು, ಮೂತಿಯ (ಆಚೆ ತುದಿಯ) ಕಡೆಯಿಂದ ಹೊಡೆದರೆ ಆ ಉಬ್ಬು ನೆಲಕ್ಕೆ ಅಷ್ಟು ತಾಗುವುದಿಲ್ಲ. ಸ್ಪೇನಿನ ಹೆಸರಾಂತ ಗಾಲ್ಫ್ ಆಟಗಾರ ಸೆವೆ ಬ್ಯಾಲೆಸ್ಟೆರೋಸ್ ಹುಡುಗನಾಗಿದ್ದಾಗ ಒಂದೇ ಒಂದು 3 ಐರನ್ ಹಿಡಿದು ಪೆಡ್ರೇನ್ಯಾದ ಸಮುದ್ರದಂಡೆ ಮರಳಲ್ಲಿ ಎಲ್ಲಾ ಹೊಡೆತ ಕಲಿತವನು. ಆ ಕ್ಲಬ್ಬಿನಲ್ಲಿ ಆಗದ್ದನ್ನೆಲ್ಲ ಮಾಡಿಸಿದ. ನಿನ್ನ ಹತ್ತಿರ ಮೂರಿವೆ, ಮೂರನ್ನೂ ಆಡಿಸು.

ಕಡ್ಡಿ ಮುರಿದ ಹಾಗೆ, ಬಳ್ಳಾರಿ

ಸರ್, ಅವನು ಸೆವೆ. ಇವರು ಜೀನ್ಸ್ ಹೊಲಿಸುವವರು. ಮೊದಲು 8 ಐರನ್ ಅಂತಷ್ಟೇ ನಾನು ಹೇಳಿದ್ದು.

ಪಿಟಿ ಮೇಷ್ಟ್ರು, ಕೊಪ್ಪಳ

ಇಬ್ಬರೂ ಸರಿ ಇದ್ದೀರಿ. ಗೆರೆ ಹತ್ತು ನಿಮಿಷ, ಮೈ ಬಿಸಿ ಮಾಡಿಕೊಂಡ ಹಾಗೆ. ಉಳಿದ ಐವತ್ತು ನಿಮಿಷ ಆಟ. ಗೆರೆ ಎಳೆಯುವಾಗ ಹೊಡೆತದ ಬಗ್ಗೆ ಯೋಚಿಸಿ, ಆಟ ಆಡುವಾಗ ಗುರಿ ಬಿಟ್ಟು ಬೇರೆ ಏನೂ ಯೋಚಿಸಬೇಡಿ. ಎರಡನ್ನೂ ಕಲಸಿದರೆ ಅದು ಉಪ್ಪಿಟ್ಟೂ ಅಲ್ಲ, ಕೇಸರಿಬಾತೂ ಅಲ್ಲ.

ಬಿಸಿಲೂರಿನವನು, ಬಳ್ಳಾರಿ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಬೇಕಲ್ಲ.

ಕ್ಯಾಲೆಂಡರಿನಲ್ಲಿ ಮೊದಲನೇ ದಿನ 31. ಆಮೇಲೆ 30, 28, 31 (ಆವತ್ತು ಗಾಳಿ, ನೆಪ ಅಂತ ಗೊತ್ತು), 27. ಒಂದು ದಿನ 24 ಬಂತು. ಆವತ್ತು ಎಂಟನೇ ಜಾಗ ಮುಗಿದಾಗ 21 ಆಗಿತ್ತು, ಒಂಬತ್ತನೆಯದರಲ್ಲಿ ಎರಡು ಸಾಕು 23 ಮಾಡಲು, ಹಳಬರು ಹೇಳಿದ ಬಿಗಿ ಕೈಗೆ ಬಂತು ನೋಡಿ, ಮೂರಡಿ ದೂರದ ಪಟ್ ಕೂಡ ಅಲುಗಾಡಿತು. ನಗುವೂ ಬಂತು, ಸಿಟ್ಟೂ ಬಂತು. ಖಾಲಿ ಸೈಟಿನಲ್ಲಿ, ಒಬ್ಬನೇ, ಒಂದು ನಾಯಿ ಮಾತ್ರ ನೋಡುತ್ತಿದೆ, ನನಗೆ ಕೈ ನಡುಕ! ಅಂಗಡಿ ಲೆಕ್ಕ ಒಂದು ಸಲವೂ ನೆನಪಾಗಲಿಲ್ಲ.

ಅಳಿಯನ ಜೊತೆ ಊರಿನ ಹೆಸರಿನ ಆಟ ಆಡುತ್ತಿದ್ದೇನೆ, ಗಿರಣಿ ಅಕ್ಕ ಹೇಳಿದ ಹಾಗೆ ತೂತಿನ ಚೆಂಡಿನಲ್ಲಿ. ಮೂರು ಭಾನುವಾರದಲ್ಲಿ ಎರಡು ಸಲ ನಾನೇ ಬಳ್ಳಾರಿ ಆದೆ. ಸೋತವರು ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿ ತರಬೇಕು ಅನ್ನೋ ಕರಾರು. ಹುಡುಗ ಒಮ್ಮೆ ಚಪ್ಪಲಿಯ ಮೇಲೆ ಚೆಂಡಿಟ್ಟು "ಇಲ್ಲಿಂದ" ಅಂದ. ವಾದ ಮಾಡಿದೆ, ಮೇಷ್ಟ್ರ ನಿಯಮದಲ್ಲಿ ಬೇಡ ಅಂತ ಬರೆದಿಲ್ಲ ಅಂದ. ಹೊಡೆದು ತೋರಿಸಿದ ಕೂಡ.

ನಾನೇ ಒಂದು ಕಂಡುಹಿಡಿದೆ, ಬೇರೆಯವರೂ ಆಡುತ್ತಿರಬಹುದು, ಏಣಿ ಅಂತ ಕರೆಯುತ್ತೇನೆ. ಹತ್ತಿರ ಒಂದು ಗೆರೆ, 20 ಹೆಜ್ಜೆಗೆ ಒಂದು ಗೆರೆ. ಮೊದಲನೇ ಚೆಂಡು ಹತ್ತಿರದ ಗೆರೆ ದಾಟಿ ಆದಷ್ಟು ಹತ್ತಿರ ನಿಲ್ಲಬೇಕು. ಎರಡನೆಯದು ಮೊದಲನೆಯದನ್ನು ದಾಟಬೇಕು, ಮೂರನೆಯದು ಎರಡನೆಯದನ್ನು. ದಾಟದಿದ್ದರೆ ಆಟ ಮುಗಿಯಿತು, ದೂರದ ಗೆರೆ ದಾಟಿದರೂ ಮುಗಿಯಿತು. ಎಷ್ಟು ಮೆಟ್ಟಿಲು ಹತ್ತಿದೆ ಅನ್ನುವುದೇ ಲೆಕ್ಕ. ದುರಾಸೆಯಿಂದ ತೀರಾ ಹತ್ತಿರ ನಿಲ್ಲಿಸಲು ಹೋಗಿ ಮೂರನೇ ಮೆಟ್ಟಿಲಿಗೇ ಬಿದ್ದದ್ದು ಎಷ್ಟು ಸಲವೋ. ಇಲ್ಲಿಯವರೆಗೆ ಜಾಸ್ತಿ ಅಂದರೆ 11. ಇದಕ್ಕೆ ಮಾತ್ರ 40 ಚೆಂಡು ಹೊರಗೆ ತಂದಿದ್ದೇನೆ ಹಳಬರೇ, ಕ್ಷಮಿಸಿ.

ಹೋದ ಶನಿವಾರ ಬೆಂಗಳೂರಿಗೆ ಹೋಗಿದ್ದೆ. ಸುಳ್ಳು ಹೇಳಲ್ಲ, ಏಳು ಕಡೆ ಚಿಪ್ ಮಾಡಬೇಕಾಯ್ತು, ಅದರಲ್ಲಿ ಚಿಪ್ ಒಂದು ಪಟ್ ಒಂದು ಅಂತ ಮುಗಿಸಿದ್ದು ಎರಡೇ. ಆದರೆ ನೆಲ ಅಗೆದದ್ದು ಒಂದೂ ಇಲ್ಲ. ರಾಕೆಟ್ ಒಂದೇ ಒಂದು ಹಾರಿತು, 56 ಡಿಗ್ರಿಯಲ್ಲಿ (ಕಡ್ಡಿಯವರು ಈಗ ನಗಬಹುದು). ಐದನೇ ಹೋಲಿನಲ್ಲಿ ಗ್ರೀನಿನ ಹೊರಗೆ ನಿಂತು 4 ಹೆಜ್ಜೆ, 16 ಹೆಜ್ಜೆ ಎಣಿಸಿ, 8 ಐರನ್ ಹಿಡಿದು, ಒಂದು ಒಣಗಿದ ಎಲೆ ಗುರುತು ಇಟ್ಟುಕೊಂಡು ಅದರ ಮೇಲೆ ಬೀಳಿಸಿದೆ. ಹೋಲಿನಿಂದ ಒಂದು ಅಡಿಗೆ ನಿಂತಿತು. ಗೆಳೆಯರು ಏನೂ ಅನ್ನಲಿಲ್ಲ, ಅದೇ ದೊಡ್ಡದು. ಆಮೇಲೆ ಒಬ್ಬ ಕೇಳಿದ, ಊರಲ್ಲಿ ಯಾವ ಕೋಚ್ ಹತ್ತಿರ ಹೋಗ್ತಿದ್ದೀಯಾ ಅಂತ.

ಗಿರಣಿ ಅಂಗಳ, ಗಂಗಾವತಿ

ಏನು ಹೇಳಿದಿರಿ ಮತ್ತೆ?

ಬಿಸಿಲೂರಿನವನು, ಬಳ್ಳಾರಿ

ನಾಲ್ಕು ಜನ ಇದ್ದಾರೆ, ಅದರಲ್ಲಿ ಒಬ್ಬರು ಗಾಲ್ಫ್ ಕೋಲು ಮುಟ್ಟೇ ಇಲ್ಲ ಅಂದೆ ಅಕ್ಕ.

ಪಿಟಿ ಮೇಷ್ಟ್ರು, ಕೊಪ್ಪಳ

😀 ಮುಟ್ಟಿಸಿ ಹಾಗಾದರೆ. ಏಪ್ರಿಲ್ ಹತ್ತಕ್ಕೆ ನಮ್ಮ ಶಾಲೆಗೆ ಬೇಸಿಗೆ ರಜೆ, ರೈಲಿನಲ್ಲಿ ಬಂದರೆ ಬಳ್ಳಾರಿ ದೂರವೇನಲ್ಲ. ಅಳಿಯನ ಎದುರು ನಾನೂ ಒಮ್ಮೆ ಆಡಬೇಕು. ನನ್ನ ಮೂರಕ್ಷರ ನನಗಿರಲಿ.

ಶಕ್ತಿನಗರದ ಹಳಬ, ರಾಯಚೂರು

ನಾನೂ ಬರುತ್ತೇನೆ, ಬೆಳಿಗ್ಗೆ ಆರಕ್ಕೆ ಅಂದರೆ ಆರಕ್ಕೆ ಶುರು ಆಗಬೇಕು. ಗಿರಣಿಯವರಿಗೆ ಬರಲು ಆದರೆ ಮೂರು ಗೋಣಿಚೀಲ ತನ್ನಿ. ತಮ್ಮಾ, ನೀನು ಅಷ್ಟರೊಳಗೆ ಆ ಸಿಂಟೆಕ್ಸ್ ಮುಂದೆ ಒಂದು ತಾಡಪಾಲು ಕಟ್ಟಿಬಿಡು.